ಚಿತ್ರದ ಕಾರ್ಡ್, ಟ್ಯಾಬ್ ಕೊಟ್ಟರೆ ಮಗು ಮಾತಾಡುವುದೇ ಇಲ್ವಾ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ ನಾಲ್ಕೂವರೆ ವರ್ಷ. ಆಟಿಸಂ ಇದೆ. ಒಂದು ವರ್ಷದ ಹೊತ್ತಿಗೆ 'ಅಮ್ಮ', 'ಬಾ' ಅನ್ನುತ್ತಿದ್ದ. ಆಮೇಲೆ ಅದೂ ನಿಂತುಹೋಯಿತು. ಈಗ ಒಂದು ಪದವೂ ಇಲ್ಲ. ಗುನುಗುತ್ತಾನೆ, ಕಿರುಚುತ್ತಾನೆ, ಖುಷಿಯಾದರೆ 'ಈ...' ಅಂತ ರಾಗ ಎಳೆಯುತ್ತಾನೆ. ಏನಾದರೂ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗುತ್ತಾನೆ. ನನ್ನ ಕೈಯನ್ನು ಬಾಗಿಲ ಚಿಲಕದ ಮೇಲೋ ನಲ್ಲಿಯ ಮೇಲೋ ಇಟ್ಟು ಸುಮ್ಮನೆ ನಿಂತಿರುತ್ತಾನೆ. ಮುಖ ನೋಡುವುದಿಲ್ಲ.

ಮೊದಲು ಹೋಗುತ್ತಿದ್ದ ಕಡೆ ಕುರ್ಚಿಯಲ್ಲಿ ಕೂರಿಸಿ "ಬಾಲ್ ಅನ್ನು, ಬಾಲ್ ಅನ್ನು" ಅನ್ನುತ್ತಿದ್ದರು. ಅನ್ನದಿದ್ದರೆ ಬಾಲ್ ಇಲ್ಲ. ಇವನು ಮೇಜಿನ ಕೆಳಗೆ ನುಸುಳಿಬಿಡುತ್ತಿದ್ದ. ಈಗಿನ ಥೆರಪಿಸ್ಟ್ ಚಿತ್ರದ ಕಾರ್ಡ್ ಶುರು ಮಾಡೋಣ, ಮುಂದೆ ಮಾತಾಡುವ ಆ್ಯಪ್ ಇರುವ ಟ್ಯಾಬ್ ಕೊಡೋಣ ಅನ್ನುತ್ತಿದ್ದಾರೆ. ಮನೆಯಲ್ಲಿ ಯಾರಿಗೂ ಒಪ್ಪಿಗೆಯಿಲ್ಲ. "ಕೈ ತೋರಿಸಿದರೆ ಎಲ್ಲ ಸಿಗುತ್ತೆ ಅಂತಾದ ಮೇಲೆ ಬಾಯಿ ಯಾಕೆ ತೆರೆಯುತ್ತಾನೆ?" ಅಂತ ಅತ್ತೆ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅದೇ ಭಯ. ಸಾಲದ್ದಕ್ಕೆ, ಐದು ವರ್ಷ ದಾಟಿದರೆ ಮಾತು ಬರುವುದೇ ಇಲ್ಲ ಅಂತ ಯಾರೋ ಹೆದರಿಸಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ದನಿ:
ನಾನು ಸ್ಪೀಚ್ ಥೆರಪಿಸ್ಟ್. ನಿಮ್ಮ ಮಗನನ್ನು ನೋಡಿಲ್ಲ, ಹಾಗಾಗಿ ಅವನ ವಿಚಾರ ಅವನ ಥೆರಪಿಸ್ಟ್ ಹೇಳಿದ್ದೇ ಸರಿ. ಆದರೆ ಈ ಭಯಕ್ಕೆ ಉತ್ತರ ಕೊಡಬಲ್ಲೆ.

ಮೊದಲು ಒಂದು ಮಾತು: ಕಿವಿ ಪರೀಕ್ಷೆ ಆಗಿದೆಯಾ? ಚಪ್ಪಾಳೆ ಹೊಡೆದರೆ ತಿರುಗುತ್ತಾನೆ ಅನ್ನುವುದು ಲೆಕ್ಕಕ್ಕಿಲ್ಲ. ಓಎಇ, ಬೆರಾ ಪರೀಕ್ಷೆಗಳಿಗೆ ಮಗು ಉತ್ತರ ಹೇಳಬೇಕಾಗಿಲ್ಲ, ನಿದ್ದೆಯಲ್ಲಿದ್ದಾಗಲೂ ಮಾಡಬಹುದು. ಮಾತು ಬಾರದ ಯಾವ ಮಗುವಿಗಾದರೂ ಇದು ಮೊದಲು. ಆಟಿಸಂ ಇದೆ ಅಂತ ಗೊತ್ತಾದ ತಕ್ಷಣ ಎಲ್ಲವನ್ನೂ ಅದರ ತಲೆಗೆ ಕಟ್ಟಿ, ಕಿವಿಯನ್ನು ಮರೆತುಬಿಡುವುದು ಬಹಳ ನಡೆಯುತ್ತದೆ.

ಈಗ ಕಾರ್ಡಿನ ವಿಚಾರ. ಚಿತ್ರ, ಸನ್ನೆ, ಮಾತಾಡುವ ಟ್ಯಾಬ್ ಇದಕ್ಕೆಲ್ಲ ಒಟ್ಟಿಗೆ ಎಎಸಿ ಅನ್ನುತ್ತೇವೆ. ಅದು ಮಾತನ್ನು ತಡೆಯುತ್ತಾ ಅನ್ನುವ ಪ್ರಶ್ನೆ ನಿಮ್ಮ ಅತ್ತೆಯವರದು ಮಾತ್ರ ಅಲ್ಲ, ಸಂಶೋಧಕರೂ ಕೇಳಿಕೊಂಡಿದ್ದಾರೆ. 2006ರಲ್ಲಿ ಮಿಲ್ಲರ್, ಲೈಟ್, ಶ್ಲಾಸರ್ ಅನ್ನುವ ಮೂವರು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಅದರಲ್ಲಿ ಗಟ್ಟಿ ಪುರಾವೆ ಇದ್ದದ್ದು 27 ಜನರದು. ಎಎಸಿ ಶುರುವಾದ ಮೇಲೆ ಅವರಲ್ಲಿ ಶೇ. 89 ಮಂದಿಗೆ ಮಾತು ಹೆಚ್ಚಿತು, ಶೇ. 11 ಮಂದಿಗೆ ಇದ್ದ ಹಾಗೇ ಇತ್ತು. ಕಡಿಮೆಯಾದದ್ದು ಒಬ್ಬರಿಗೂ ಇಲ್ಲ. ಅವರೆಲ್ಲ ಆಟಿಸಂ ಇರುವವರಲ್ಲ, ಬುದ್ಧಿ ಬೆಳವಣಿಗೆ ನಿಧಾನ ಇದ್ದವರೂ ಸೇರಿದ್ದಾರೆ. ಹೆಚ್ಚಿದ ಮಾತೂ ಹೆಚ್ಚಿನವರಲ್ಲಿ ಅಷ್ಟಿಷ್ಟೇ. ಟ್ಯಾಬ್ ಕೊಟ್ಟ ಕೂಡಲೇ ಮಗು ಪಟಪಟ ಮಾತಾಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಡೆಯುತ್ತದೆ ಅಂದರೂ ನಂಬಬೇಡಿ.

ಅತ್ತೆಯವರ ತರ್ಕದಲ್ಲಿ ಒಂದು ಕೊಂಡಿ ತಪ್ಪಿದೆ. ಮಗು ಸೋಮಾರಿತನಕ್ಕೆ ಬಾಯಿ ಮುಚ್ಚಿಕೊಂಡಿದೆ, ಕಷ್ಟ ಕೊಟ್ಟರೆ ತೆರೆಯುತ್ತದೆ ಅಂತ ಅವರು ಅಂದುಕೊಂಡಿದ್ದಾರೆ. ಮಾತು ಬರುವ ಮಗುವಿಗೆ ಮಾತಿಗಿಂತ ಸುಲಭದ ದಾರಿ ಇನ್ನೊಂದಿಲ್ಲ. ಕಾರ್ಡ್ ಹುಡುಕಬೇಕು, ಕಿತ್ತುಕೊಳ್ಳಬೇಕು, ತಂದುಕೊಡಬೇಕು. ಮಾತಾದರೆ ಕೂತಲ್ಲಿಂದಲೇ ಆಗುತ್ತದೆ. ಬಂದಿದ್ದರೆ ಅವನು ಅದನ್ನು ಯಾವತ್ತೋ ಬಳಸುತ್ತಿದ್ದ.

ಇನ್ನು ಐದು ವರ್ಷದ ಗಡಿ. 2013ರಲ್ಲಿ ಬಂದ ಒಂದು ಅಧ್ಯಯನ, ನಾಲ್ಕು ವರ್ಷಕ್ಕೂ ಪದಕ್ಕೆ ಪದ ಸೇರಿಸಿ ಮಾತಾಡದ 535 ಆಟಿಸಂ ಮಕ್ಕಳದು. ಅವರಲ್ಲಿ ಶೇ. 70 ಮಕ್ಕಳು ಆಮೇಲೆ ಪದ ಸೇರಿಸಿ ಆಡುವ ಮಟ್ಟಕ್ಕಾದರೂ ಬಂದರು, ಶೇ. 47 ಮಕ್ಕಳು ಸರಾಗವಾಗಿ ಮಾತಾಡಿದರು. ಅದರಲ್ಲಿ ಒಂದೆರಡು ಪದ ಇದ್ದ ಮಕ್ಕಳೂ ಇದ್ದರು ಅನ್ನುವುದನ್ನು ಮರೆಯಬೇಡಿ. ಇನ್ನೊಂದು ಕಡೆ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಶೇ. 30 ಮಂದಿ ಶಾಲೆಗೆ ಹೋಗುವ ವಯಸ್ಸಿನಲ್ಲೂ ಮಾತಿಲ್ಲದೆ, ಅಥವಾ ಬೆರಳೆಣಿಕೆಯ ಪದಗಳಲ್ಲಿ ಉಳಿಯುತ್ತಾರೆ. ನಿಮ್ಮ ಮಗ ಯಾವ ಗುಂಪಿಗೆ ಸೇರುತ್ತಾನೆ ಅಂತ ಇವತ್ತು ಯಾರೂ ಹೇಳಲಾರರು. ಅದಕ್ಕೇ ಮಾತು ಬರಲಿ ಅಂತ ಕಾಯುತ್ತಾ ಅವನನ್ನು ಸುಮ್ಮನೆ ಕೂರಿಸಬಾರದು.

ಗಾಳಿಪಟ:
ದನಿ ಮೇಡಂ, ಕಾರ್ಡ್ ಹೇಗೆ ಶುರು ಮಾಡುತ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ? ನನ್ನ ಮಗಳಿಗೆ ಕಾರ್ಡ್ ತೋರಿಸಿ "ಇದೇನು, ಇದೇನು" ಅಂತ ಕೇಳುತ್ತಾ ಹೋದೆವು. ಎಲ್ಲವನ್ನೂ ಎತ್ತಿ ಎಸೆಯುತ್ತಾಳೆ.

ದನಿ:
ಪರೀಕ್ಷೆ ಮಾಡಿದರೆ ಯಾರಾದರೂ ಎಸೆಯುತ್ತಾರೆ ಸರ್! "ಇದೇನು" ಅನ್ನುವುದಕ್ಕೆ ಉತ್ತರ ಹೇಳಿ ಅವಳಿಗೆ ಸಿಗುವುದೇನು?

ಪೆಕ್ಸ್ ಅಂತ ಒಂದು ಪದ್ಧತಿ ಇದೆ. ಬಾಂಡಿ ಮತ್ತು ಫ್ರಾಸ್ಟ್ ಅನ್ನುವವರು 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ರೂಪಿಸಿದ್ದು. ಆರು ಹಂತ ಇದೆ. ಮೊದಲ ಹಂತ ನೋಡಿದವರಿಗೆ ವಿಚಿತ್ರ ಅನ್ನಿಸುತ್ತದೆ, ಯಾಕೆಂದರೆ ದೊಡ್ಡವರು ಇಬ್ಬರು ಬೇಕು. ಒಬ್ಬರು ಮಗುವಿನ ಎದುರು, ಒಬ್ಬರು ಬೆನ್ನ ಹಿಂದೆ. ಎದುರಿನವರ ಕೈಯಲ್ಲಿ ಸೋಪಿನ ಗುಳ್ಳೆ ಬಾಟಲಿ ಇದೆ ಅಂತಿಟ್ಟುಕೊಳ್ಳಿ. ನಡುವೆ ಗುಳ್ಳೆಯ ಚಿತ್ರ ಇರುವ ಒಂದೇ ಒಂದು ಕಾರ್ಡ್. ಒಂದೆರಡು ಸಲ ಗುಳ್ಳೆ ಊದಿ ನಿಲ್ಲಿಸುತ್ತಾರೆ. ಮಗು ಬಾಟಲಿಗೆ ಕೈ ಚಾಚುತ್ತದೆ. ಆಗ ಹಿಂದಿನವರು, ಒಂದು ಮಾತೂ ಆಡದೆ, ಆ ಕೈಯನ್ನು ಕಾರ್ಡಿನ ಮೇಲೆ ತಂದು, ಎತ್ತಿಸಿ, ಎದುರಿನವರ ಅಂಗೈಗೆ ಹಾಕಿಸುತ್ತಾರೆ. ಕಾರ್ಡ್ ಅಂಗೈಗೆ ಬಿದ್ದ ಕ್ಷಣವೇ ಎದುರಿನವರು "ಗುಳ್ಳೆ!" ಅಂತ ಹೇಳಿ ಊದುತ್ತಾರೆ. "ಕೊಡು", "ಏನು ಬೇಕು", "ತಗೋ" ಯಾವುದೂ ಇಲ್ಲ. ಮೊದಲು ಹೇಳಲೇಬೇಕಾದವನು ಮಗು. ನಾವು ಕೇಳಿದ ಮೇಲೇ ಕೊಡುವುದು ಅಂತ ರೂಢಿಯಾದರೆ, ಕೇಳದಿದ್ದ ದಿನ ಅವನು ಸುಮ್ಮನೆ ಕಾಯುತ್ತಾ ಕೂರುತ್ತಾನೆ. ಹಿಂದಿನವರು ಬರಬರುತ್ತಾ ಕೈ ಸಡಿಲ ಮಾಡುತ್ತಾರೆ. ಮೊದಲು ಮೊಣಕೈ ಮುಟ್ಟಿದರೆ ಸಾಕಾಗುತ್ತದೆ, ಆಮೇಲೆ ಅದೂ ಬೇಡ.

ಮುಂದಿನ ಹಂತದಲ್ಲಿ ಎದುರಿನವರು ದೂರ ಹೋಗಿ ಕೂರುತ್ತಾರೆ, ಮಗು ಕಾರ್ಡ್ ಹಿಡಿದು ಹುಡುಕಿಕೊಂಡು ಬರಬೇಕು. ಮೂರನೆಯದರಲ್ಲಿ ಎರಡು ಚಿತ್ರದಲ್ಲಿ ಒಂದು ಆರಿಸಬೇಕು. ಹೀಗೆ ಮೇಲೆ ಹೋಗುತ್ತದೆ.

ಮಳೆಹನಿಯವರೇ, ನಿಮ್ಮ ಮಗ ಕೈ ಎಳೆದುಕೊಂಡು ಹೋಗುತ್ತಾನೆ ಅಂದಿರಲ್ಲ, ಅದು ಆಗಲೇ ಸಂವಹನ. ನಿಮ್ಮಿಂದ ಕೆಲಸ ಆಗುತ್ತದೆ ಅಂತ ಅವನಿಗೆ ಗೊತ್ತು. ಈ ಹಂತದಿಂದ ಕಾರ್ಡಿಗೆ ದಾರಿ ತುಂಬಾ ದೂರ ಇಲ್ಲ.

ಅನುಭವಿ:
ಥೆರಪಿಸ್ಟ್‌ಗಳು ಎಲ್ಲವನ್ನೂ ಜಟಿಲ ಮಾಡುತ್ತಾರೆ. ನಮ್ಮ ಸಂಬಂಧಿಕರ ಹುಡುಗ ನಾಲ್ಕು ವರ್ಷದವರೆಗೆ ಮಾತೇ ಆಡಲಿಲ್ಲ, ಈಗ ಬಾಯಿ ಮುಚ್ಚಿಸುವುದೇ ಕಷ್ಟ. ಪೀಪಿ ಊದಿಸಿದರು, ಮೇಣದಬತ್ತಿ ಆರಿಸಿದರು, ನಾಲಿಗೆಗೆ ಬ್ರಷ್‌ನಲ್ಲಿ ಮಸಾಜ್ ಮಾಡಿದರು, ನಾಲಿಗೆ ಕೆಳಗಿನ ಪೊರೆಯನ್ನೂ ಕತ್ತರಿಸಿದರು. ಬಾಯಿಗೆ ಶಕ್ತಿ ಬಂದರೆ ಮಾತು ತಾನಾಗಿ ಬರುತ್ತೆ.

ದನಿ:
ಆ ಹುಡುಗ ಮಾತಾಡಿದ್ದು ಸಂತೋಷ. ಆದರೆ ಪೀಪಿಯಿಂದ ಮಾತು ಬಂತು ಅನ್ನುವುದಕ್ಕೆ ಪುರಾವೆ ಇಲ್ಲ. ಊದುವ, ಚೀಪುವ, ನಾಲಿಗೆ ಆಡಿಸುವ ಕಸರತ್ತು ಬೇರೆ, ಮಾತಿನ ಚಲನೆ ಬೇರೆ. ಮಾತಿಗೆ ಬೇಕಾದ ಶಕ್ತಿ ತೀರಾ ಕಡಿಮೆ. ಬೇಕಾಗಿರುವುದು ಯಾವ ಭಾಗ ಯಾವಾಗ ಎಲ್ಲಿಗೆ ಹೋಗಬೇಕು ಅನ್ನುವ ಲೆಕ್ಕಾಚಾರ, ಅದು ನಡೆಯುವುದು ಮೆದುಳಿನಲ್ಲಿ. ಆ ಲೆಕ್ಕಾಚಾರವೇ ತಪ್ಪುವ ತೊಂದರೆಗೆ ಏಪ್ರಾಕ್ಸಿಯಾ ಅನ್ನುತ್ತಾರೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಅದೂ ಇರುತ್ತದೆ. ಇದ್ದರೆ ಪದಗಳನ್ನೇ, ಸ್ವರಗಳನ್ನೇ ಮತ್ತೆ ಮತ್ತೆ ಹೇಳಿಸುವ ಬೇರೆ ಥೆರಪಿ ಇದೆ. ಪೀಪಿ ಅಲ್ಲ.

ನಾಲಿಗೆ ಪೊರೆ ಬಿಗಿಯಾಗಿದ್ದರೆ ಹೆಚ್ಚೆಂದರೆ ಕೆಲವು ಅಕ್ಷರ ಅಸ್ಪಷ್ಟವಾಗಬಹುದು. ಒಂದು ಪದವೂ ಬಾರದೆ ಇರುವುದಕ್ಕೆ ಅದು ಕಾರಣ ಅಲ್ಲ. ಮಾತಿಗಾಗಿ ಮಗುವಿನ ನಾಲಿಗೆ ಕೊಯ್ಯಿಸಲು ಹೊರಟವರು ದಯವಿಟ್ಟು ಇನ್ನೊಬ್ಬರನ್ನು ಕೇಳಿ.

ಗಾಳಿಪಟ:
ಪೀಪಿ ನಮ್ಮನೆಯಲ್ಲೂ ಇದೆ. ಅದನ್ನು ಊದುವುದು ಈಗ ನಾನೊಬ್ಬನೇ.

ಬೆರಳ ತುದಿ:
ಈ ಚರ್ಚೆಯಲ್ಲಿ ಮಾತು ಬಾರದವರು ಯಾರೂ ಬಂದಿಲ್ಲ, ಹಾಗಾಗಿ ನಾನು ಬರುತ್ತಿದ್ದೇನೆ. ನನಗೆ ಆಟಿಸಂ ಇದೆ, ದೊಡ್ಡವನಾಗಿದ್ದೇನೆ. ಬಾಯಲ್ಲಿ ಕೆಲವು ಪದ ಬರುತ್ತವೆ, ನಾನು ಹೇಳಬೇಕೆಂದುಕೊಂಡವು ಬರುವುದಿಲ್ಲ. ಟೈಪ್ ಮಾಡುತ್ತೇನೆ.

ಚಿಕ್ಕವನಿದ್ದಾಗ ನನಗೆ ಕೊಟ್ಟ ಕಾರ್ಡ್‌ಗಳೆಲ್ಲ ವಸ್ತುಗಳದ್ದು. ನೀರು, ಬಾಲ್, ಉಯ್ಯಾಲೆ. ಅದರಲ್ಲಿ 'ಬೇಡ' ಇರಲಿಲ್ಲ. 'ನಿಲ್ಲಿಸು' ಇರಲಿಲ್ಲ. 'ನೋಯುತ್ತಿದೆ' ಇರಲಿಲ್ಲ. ಬೇಡ ಅನ್ನಬೇಕಾದರೆ ಕಚ್ಚಬೇಕಿತ್ತು. ಕಚ್ಚಿದಾಗ ಅದಕ್ಕೆ ಕೆಟ್ಟ ನಡವಳಿಕೆ ಅಂತ ಬರೆದುಕೊಂಡರು, ಅದನ್ನು ಬಿಡಿಸಲು ಇನ್ನೊಂದು ಥೆರಪಿ ಹಾಕಿದರು. ನಿಮ್ಮ ಮಗುವಿಗೆ ಬೋರ್ಡ್ ಮಾಡಿಕೊಡುವವರು ಮೊದಲ ದಿನವೇ 'ಬೇಡ' ಹಾಕಿ. ಅದನ್ನು ಒತ್ತಿದಾಗ, ಸಾಧ್ಯವಿದ್ದರೆ, ನಿಜವಾಗಿ ನಿಲ್ಲಿಸಿ. ಔಷಧಿ ಕುಡಿಸುವಾಗ ನಿಲ್ಲಿಸಲು ಆಗುವುದಿಲ್ಲ, ಗೊತ್ತು. ಆಗ "ಬೇಡ ಅಂದೆ, ಕೇಳಿಸಿತು, ಆದರೂ ಕುಡಿಯಬೇಕು" ಅಂತ ಹೇಳಿ. ಅಷ್ಟು ಹೇಳಿದರೂ ನಾನು ಕಚ್ಚುತ್ತಿರಲಿಲ್ಲ ಅನ್ನಿಸುತ್ತದೆ.

ಇನ್ನೊಂದು. ಗಲಾಟೆ ಮಾಡಿದ ಅಂತ ಟ್ಯಾಬ್ ಕಿತ್ತಿಡಬೇಡಿ. ಬೇರೆ ಮಗು ಗಲಾಟೆ ಮಾಡಿದರೆ ಅದರ ಬಾಯಿಗೆ ಪಟ್ಟಿ ಅಂಟಿಸುತ್ತೀರಾ?

ಮಳೆಹನಿ:
ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನಮ್ಮ ಥೆರಪಿಸ್ಟ್ ಕೊಟ್ಟ ಮೊದಲ ಕಾರ್ಡ್‌ಗಳಲ್ಲೂ 'ಬೇಡ' ಇಲ್ಲ. ನಾಳೆಯೇ ಕೇಳುತ್ತೇನೆ. ಕಿವಿ ಪರೀಕ್ಷೆ ಆಗಿದೆ ಮೇಡಂ, ಸರಿ ಇದೆ.

ದನಿ:
ಬೆರಳ ತುದಿಯವರು ಹೇಳಿದ್ದು ನಮ್ಮ ವೃತ್ತಿಯವರೂ ಕೇಳಿಸಿಕೊಳ್ಳಬೇಕಾದ ಮಾತು. ಪೆಕ್ಸ್ ಬೇಕಾದ್ದನ್ನು ಕೇಳಲು ಚೆನ್ನಾಗಿ ಕಲಿಸುತ್ತದೆ. ಆದರೆ ಮನುಷ್ಯ ದಿನವಿಡೀ ಬರೀ ಬೇಡುತ್ತಾ ಇರುತ್ತಾನಾ? ಗೊಣಗುತ್ತಾನೆ, ಕರೆಯುತ್ತಾನೆ, "ಅಲ್ಲಿ ನೋಡು" ಅನ್ನುತ್ತಾನೆ. ಅದಕ್ಕೆ ಬೋರ್ಡಿನಲ್ಲಿ ವಸ್ತುಗಳಿಗಿಂತ 'ಇನ್ನೂ', 'ಸಾಕು', 'ಬೇಡ', 'ಹೋಗೋಣ', 'ಸಹಾಯ', 'ನೋಡು' ಇಂಥ ಎಲ್ಲ ಕಡೆ ಬಳಕೆಗೆ ಬರುವ ಪದಗಳು ಜಾಸ್ತಿ ಇರಬೇಕು.

ಅದಕ್ಕಿಂತ ಮುಖ್ಯ, ಬೋರ್ಡನ್ನು ನೀವು ಬಳಸಬೇಕು. ಮಾತಾಡುವ ಮಗು ಮೊದಲ ಪದ ಆಡುವ ಮುಂಚೆ ಒಂದು ವರ್ಷ ಬೇರೆಯವರ ಮಾತು ಕೇಳಿರುತ್ತದೆ. ನಮ್ಮ ಮಕ್ಕಳ ಕೈಗೆ ಬೋರ್ಡ್ ಕೊಟ್ಟು, ಅದರಲ್ಲಿ ಯಾರೂ ಮಾತಾಡಿ ತೋರಿಸದೆ, ವಾರದಲ್ಲಿ "ಇವನಿಗೆ ಇದು ಆಗಲ್ಲ" ಅನ್ನುತ್ತೇವೆ. ಉಯ್ಯಾಲೆ ತಳ್ಳುವಾಗ ಬಾಯಲ್ಲಿ "ಇನ್ನೂ" ಅನ್ನಿ, ಬೆರಳಲ್ಲಿ 'ಇನ್ನೂ' ಮುಟ್ಟಿ. ಉಯ್ಯಾಲೆ ನಿಲ್ಲಿಸಿ, 'ಸಾಕು' ಮುಟ್ಟಿ. ಅವನು ನೋಡಿದ ಹಾಗೆ ಕಾಣದಿದ್ದರೂ ಪರವಾಗಿಲ್ಲ. "ನೀನು ಮುಟ್ಟು" ಅಂತ ಕೈ ಹಿಡಿದು ಒತ್ತಿಸಬೇಡಿ.

ತೋರಿಸಿದ ಮೇಲೆ ಕಾಯಿರಿ. ನಮಗೆ ಇದೇ ಬಹಳ ಕಷ್ಟ. ಎರಡು ಸೆಕೆಂಡ್ ಮೌನ ಇದ್ದರೆ ನಾವೇ ಬಾಯಿ ಹಾಕುತ್ತೇವೆ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಒಮ್ಮೆ ಮಗುವಿನ ಜೊತೆ ಆಡುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ ನೋಡಿ, ಅವನು ಏನೋ ಹೇಳಹೊರಟಾಗ ನೀವು ಎಷ್ಟು ಸಲ ಮುಂದೆ ಬಿದ್ದಿರಿ ಅಂತ ಕಾಣುತ್ತದೆ. ಬ್ರಿಟನ್ನಿನ ಪ್ಯಾಕ್ಟ್ ಅನ್ನುವ ಥೆರಪಿ ಇಂಥ ವಿಡಿಯೊ ಮೇಲೇ ನಿಂತಿದೆ. ಥೆರಪಿಸ್ಟ್ ಕೂತು ಕಲಿಸುವುದು ಅಪ್ಪ ಅಮ್ಮನಿಗೆ.

ಟ್ಯಾಬ್ ಬಗ್ಗೆಯೂ ಕೇಳಿದ್ದಿರಿ. 2014ರಲ್ಲಿ ಕಾನಿ ಕಸಾರಿ ಅವರ ತಂಡ ಐದರಿಂದ ಎಂಟು ವರ್ಷದ 61 ಮಕ್ಕಳ ಮೇಲೆ ಅಧ್ಯಯನ ಮಾಡಿತು. ಎಲ್ಲರಿಗೂ ಇದ್ದದ್ದು ಇಪ್ಪತ್ತಕ್ಕಿಂತ ಕಡಿಮೆ ಪದ. ಎಲ್ಲರಿಗೂ ಆಟದ ಜೊತೆಗಿನ ಒಂದೇ ಥೆರಪಿ, ಅರ್ಧ ಮಕ್ಕಳಿಗೆ ಮೊದಲಿನಿಂದಲೇ ಮಾತಾಡುವ ಸಾಧನವೂ ಸಿಕ್ಕಿತು. ಸಾಧನ ಇದ್ದವರೇ ತಾವಾಗಿ ಹೇಳುವುದು ಜಾಸ್ತಿಯಾಯಿತು. ಐದು ದಾಟಿದ ಮಕ್ಕಳು ಅವರು, ಗಮನಿಸಿ.

ಎರಡು ಭಾಷೆ:
ಮಧ್ಯೆ ಬರುತ್ತಿದ್ದೇನೆ. ನಮ್ಮ ಮನೆಯಲ್ಲಿ ಎರಡು ಭಾಷೆ ನಡೆಯುತ್ತದೆ. ಮಗುವಿಗೆ ಗೊಂದಲ ಆಗುತ್ತದೆ, ಒಂದೇ ಇಟ್ಟುಕೊಳ್ಳಿ, ಅದೂ ಇಂಗ್ಲಿಷ್ ಇಟ್ಟುಕೊಳ್ಳಿ ಅಂದರು. ನನ್ನ ಹೆಂಡತಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ಅವಳು ಮಗುವಿನ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿದ್ದಾಳೆ.

ದನಿ:
ದಯವಿಟ್ಟು ಅವರಿಗೆ ಇವತ್ತೇ ಹೇಳಿ, ಅವರ ಭಾಷೆಯಲ್ಲೇ ಮಾತಾಡಲಿ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳ ಮಾತು ಅದರಿಂದ ಹಿಂದೆ ಬೀಳುತ್ತದೆ ಅಂತ ಸಂಶೋಧನೆಗಳಲ್ಲಿ ಕಂಡಿಲ್ಲ. ಅಮ್ಮ ಮಾತು ನಿಲ್ಲಿಸಿದರೆ ಆಗುವ ನಷ್ಟ ದೊಡ್ಡದು. ಕಾರ್ಡಿನ ಮೇಲೆ ಬರೆಯುವ ಪದವೂ ಮನೆಯಲ್ಲಿ ಆಡುವ ಪದವೇ ಆಗಿರಲಿ.

ನೀಲಿ ಕೊಡೆ:
ನಾನು ಒಂದು ವಿಡಿಯೊ ನೋಡಿದೆ. ಮಾತೇ ಬಾರದ ಹುಡುಗ, ಥೆರಪಿಸ್ಟ್ ಅವನ ಮಣಿಕಟ್ಟು ಹಿಡಿದುಕೊಂಡಿರುತ್ತಾರೆ, ಅವನು ಅಕ್ಷರದ ಹಲಗೆಯಲ್ಲಿ ದೊಡ್ಡ ದೊಡ್ಡ ವಾಕ್ಯ, ಪದ್ಯ ಎಲ್ಲ ತೋರಿಸುತ್ತಾನೆ. ಕಣ್ಣಲ್ಲಿ ನೀರು ಬಂತು. ಕಾರ್ಡು, ಬೋರ್ಡು ಅಂತ ವರ್ಷಗಟ್ಟಲೆ ಒದ್ದಾಡುವ ಬದಲು ಇದನ್ನೇ ಯಾಕೆ ಮಾಡಬಾರದು?

ದನಿ:
ಇದಕ್ಕೆ ಉತ್ತರ ಬರೆಯುವುದು ನನಗೆ ಯಾವಾಗಲೂ ಕಷ್ಟ, ಯಾಕೆಂದರೆ ಕೇಳುವವರು ಆಸೆಯಿಂದ ಕೇಳುತ್ತಾರೆ. ಇದಕ್ಕೆ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿ, 1990ರ ಹೊತ್ತಿಗೆ ಅಮೆರಿಕಕ್ಕೆ ಬಂದು, ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಆಮೇಲೆ ಪರೀಕ್ಷೆ ಮಾಡಿದರು. ಪರೀಕ್ಷೆ ಸರಳ. ಮಗುವಿಗೆ ಒಂದು ಚಿತ್ರ ತೋರಿಸಿ, ಕೈ ಹಿಡಿದವರಿಗೆ ಬೇರೆ ಚಿತ್ರ ತೋರಿಸಿದರು. ಮಗು ನೋಡಿದ್ದು ಬೀಗದಕೈ, ಹಿಡಿದವರು ನೋಡಿದ್ದು ದೋಣಿ ಅಂತಿಟ್ಟುಕೊಳ್ಳಿ. ಹಲಗೆಯ ಮೇಲೆ ಬಂದದ್ದು 'ದೋಣಿ'. ಮತ್ತೆ ಮತ್ತೆ ಹಾಗೇ ಆಯಿತು. ಹಿಡಿದವರು ಮೋಸ ಮಾಡುತ್ತಿರಲಿಲ್ಲ, ತಮ್ಮ ಕೈ ನಡೆಸುತ್ತಿರುವುದು ಅವರಿಗೇ ತಿಳಿಯುತ್ತಿರಲಿಲ್ಲ. ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಘ 2018ರಲ್ಲಿ ಇದನ್ನು ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ಕೈ ಮುಟ್ಟದೆ, ಅಕ್ಷರದ ಹಲಗೆಯನ್ನು ಗಾಳಿಯಲ್ಲಿ ಹಿಡಿದು ಮಾಡುವ ರ‍್ಯಾಪಿಡ್ ಪ್ರಾಂಪ್ಟಿಂಗ್ ಮೆಥಡ್ ಬಗ್ಗೆಯೂ ಅದೇ ವರ್ಷ ಅದೇ ಮಾತು ಹೇಳಿತು.

ನೀಲಿ ಕೊಡೆ:
ಹಾಗಾದರೆ ಬೆರಳ ತುದಿಯವರು ಟೈಪ್ ಮಾಡುತ್ತಾರಲ್ಲ?

ಬೆರಳ ತುದಿ:
ನನ್ನ ಕೈ ಯಾರೂ ಹಿಡಿದಿಲ್ಲ. ಹಲಗೆಯನ್ನೂ ಯಾರೂ ಹಿಡಿದಿಲ್ಲ, ಮೇಜಿನ ಮೇಲಿದೆ. ಕೋಣೆಯಲ್ಲಿ ಈಗ ನಾನೊಬ್ಬನೇ. ಕಲಿಯುವಾಗ ನಿಧಾನ ಆಯಿತು, ತಪ್ಪು ಕಾಗುಣಿತ ಬಹಳ ಇತ್ತು. ಆದರೆ ತಪ್ಪು ಕೂಡ ನನ್ನದೇ ಆಗಿತ್ತು. ನನ್ನ ಹೆಸರಿನಲ್ಲಿ ಬೇರೆ ಯಾರೋ ಪದ್ಯ ಬರೆದರೆ ನನಗೆ ಸಿಟ್ಟು ಬರುತ್ತದೆ.

ಅನುಭವಿ:
ಇದೊಂದು ವಿಷಯದಲ್ಲಿ ನಾನು ಒಪ್ಪುತ್ತೇನೆ. ಪೀಪಿ ವಿಷಯದಲ್ಲಿ ಇಲ್ಲ.

ಮಳೆಹನಿ:
ತುಂಬಾ ದಿನ ಆಯಿತು, ಏನಾಯಿತು ಅಂತ ಕೆಲವರು ಕೇಳಿದ್ದೀರಿ. ಪದ ಬಂದಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಬೋರ್ಡ್ ಮಾಡಿದ್ದೇವೆ. ಒಂದು ರಟ್ಟಿನ ಮೇಲೆ ಹನ್ನೆರಡು ಚಿತ್ರ, ಮೇಲೆ ಪ್ಲಾಸ್ಟಿಕ್ ಹಾಳೆ. 'ಬೇಡ' ಕೆಂಪು, ಮೂಲೆಯಲ್ಲಿ, ಯಾವತ್ತೂ ಅದೇ ಜಾಗ. ಶುರುವಿನಲ್ಲಿ ನಾವು ತೋರಿಸುತ್ತಲೇ ಇದ್ದೆವು, ಅವನು ರಟ್ಟಿನ ಅಂಚು ನೆಕ್ಕುತ್ತಲೇ ಇದ್ದ. ಉಗುರು ಕತ್ತರಿಸುವ ದಿನ ನಮ್ಮ ಮನೆಯಲ್ಲಿ ಯುದ್ಧ. ಇಬ್ಬರು ಹಿಡಿದುಕೊಳ್ಳಬೇಕು. ಅವತ್ತು ಎಡಗೈಯ ಹೆಬ್ಬೆರಳು ಮುಗಿದು ಎರಡನೇ ಬೆರಳಿಗೆ ಬಂದಾಗ ಕೈ ಕಿತ್ತುಕೊಂಡ, ಬೋರ್ಡ್ ಇದ್ದ ಕಡೆ ತೆವಳಿದ, 'ಸಾಕು' ಮೇಲೆ ಇಡೀ ಅಂಗೈ ಬಡಿದ. ನಾನು ಕಟರ್ ಕೆಳಗಿಟ್ಟೆ. ಉಳಿದ ಬೆರಳನ್ನು ಮಾರನೇ ದಿನ ಕತ್ತರಿಸಿದೆವು, ಒಂದೊಂದು ಬೆರಳಿಗೂ ಅವನು 'ಸಾಕು' ಬಡಿಯುತ್ತಾನೆ, ನಾವು ನಿಲ್ಲಿಸುತ್ತೇವೆ, ಆಮೇಲೆ ತಾನೇ ಕೈ ಕೊಡುತ್ತಾನೆ. ಎರಡು ಕೈ ಮುಗಿಯಲು ಅರ್ಧ ದಿನ ಬೇಕು. ಆದರೆ ಹಿಡಿದುಕೊಳ್ಳುವವರು ಬೇಡ.

ಮನೆಯಲ್ಲಿ ಬೋರ್ಡನ್ನು ಎಲ್ಲರಿಗಿಂತ ಚೆನ್ನಾಗಿ ಬಳಸುವುದು ಅತ್ತೆ. ಅವರಿಗೆ ಅವಸರವೇ ಇಲ್ಲ. ಬೆರಳಿಟ್ಟು "ಇನ್ನೂ" ಅಂದು, ಹತ್ತೇನು, ನಲವತ್ತು ಎಣಿಸುವಷ್ಟು ಹೊತ್ತು ಅವನ ಮುಖ ನೋಡುತ್ತಾ ಕೂರುತ್ತಾರೆ. ಹಾಗಂತ ಅವರು ಒಪ್ಪಿದ್ದಾರೆ ಅಂದುಕೊಳ್ಳಬೇಡಿ. "ಬಾಯಿ ಬಂದರೆ ಈ ರಟ್ಟು ಒಲೆಗೆ" ಅನ್ನುತ್ತಲೇ ಇರುತ್ತಾರೆ.

ಈಗ ಹೊಸ ತಲೆನೋವು. ಶಾಲೆಗೆ ಸೇರಿಸಿದ್ದೇವೆ. ಬೋರ್ಡ್ ಬ್ಯಾಗಿನಲ್ಲೇ ಇರಲಿ, ಬೇಕಾದಾಗ ತೆಗೆದುಕೊಡುತ್ತೇವೆ, ಕ್ಲಾಸಿನಲ್ಲಿ ಬೇರೆ ಮಕ್ಕಳ ಗಮನ ಹೋಗುತ್ತದೆ ಅನ್ನುತ್ತಿದ್ದಾರೆ. ಟ್ಯಾಬ್ ಬಂದರೆ ಅದನ್ನಂತೂ ಒಳಗೇ ಬಿಡುವುದಿಲ್ಲವಂತೆ. ಏನು ಮಾಡಲಿ?

ದನಿ:
'ಬೇಕಾದಾಗ' ಅಂತ ಅವನು ಹೇಳುವುದು ಹೇಗೆ, ಬೋರ್ಡ್ ಬ್ಯಾಗಿನಲ್ಲಿದ್ದರೆ? ಇದನ್ನು ಜಗಳದ ದನಿಯಲ್ಲಿ ಅಲ್ಲ, ಪ್ರಶ್ನೆಯಾಗಿಯೇ ಶಿಕ್ಷಕರನ್ನು ಕೇಳಿ. ಹೆಚ್ಚಿನವರಿಗೆ ಕೇಳಿದ ಮೇಲೆ ಹೊಳೆಯುತ್ತದೆ. ಥೆರಪಿಸ್ಟ್ ಹತ್ತಿರ ಒಂದು ಪುಟದ ಪತ್ರ ಬರೆಸಿಕೊಳ್ಳಿ, ಇದು ಆಟದ ಸಾಮಾನಲ್ಲ, ಈ ಮಗುವಿನ ಮಾತು ಅಂತ. ಉಗುರಿನ ಕಥೆಯನ್ನು ಅದರಲ್ಲಿ ಸೇರಿಸಿ. ಶಿಕ್ಷಕರಿಗೆ ಅಂಕಿ ಅಂಶಕ್ಕಿಂತ ಅದು ಬೇಗ ನಾಟುತ್ತದೆ.

ಬೆರಳ ತುದಿ:
ಚಿಕ್ಕ ಬೋರ್ಡ್ ಒಂದನ್ನು ಮಾಡಿ ದಾರ ಹಾಕಿ ಅವನ ಸೊಂಟಕ್ಕೆ ಸಿಕ್ಕಿಸಿ. ಕುತ್ತಿಗೆಗೆ ಬೇಡ, ಎಳೆದರೆ ಅಪಾಯ. ಟ್ಯಾಬ್ ಬಂದ ಮೇಲೂ ಅದು ಇರಲಿ, ಚಾರ್ಜ್ ಮುಗಿಯುವುದು ಯಾವಾಗಲೂ ತುಂಬಾ ಮುಖ್ಯವಾದದ್ದು ಹೇಳುವಾಗಲೇ.

ಗಾಳಿಪಟ:
ಬೇರೆ ಮಕ್ಕಳ ಗಮನ ಹೋಗುತ್ತೆ ಅಂದರಲ್ಲ, ಹೋಗಲಿ ಬಿಡಿ. ನನ್ನ ಮಗಳ ಕ್ಲಾಸಿನಲ್ಲಿ ಬೋರ್ಡ್ ಗೋಡೆಗೇ ದೊಡ್ಡದಾಗಿ ಅಂಟಿಸಿದ್ದಾರೆ. ಮಕ್ಕಳೆಲ್ಲ ಹೋಗಿ ಅದರಲ್ಲೇ 'ನೀರು' ಮುಟ್ಟುತ್ತಾರೆ. ಮಗಳು ಕಾರ್ಡ್ ಎಸೆಯುವುದು ಇನ್ನೂ ಬಿಟ್ಟಿಲ್ಲ, ಆದರೆ ಗೋಡೆಯನ್ನು ಎಸೆಯಲು ಆಗುವುದಿಲ್ಲವಲ್ಲ. ನಿಮ್ಮ ಶಿಕ್ಷಕರು ಒಪ್ಪಿದರೆ ಹೇಳಿ, ಆ ಚಿತ್ರದ ಫೈಲ್ ಕಳಿಸುತ್ತೇನೆ.